ಮೊಬೈಲ್ ಹಿಡಿದರೆ ಗೋಲು ಬೀಳುತ್ತದೆಯೇ?

ಹೆಣ್ಣುಮಕ್ಕಳ ಹಾಕಿ ಬೆಳೆಯುವುದರಲ್ಲಿ ಅಭಿಮಾನಿಗಳ ಕೈಯೂ ಇದೆ ಎಂದು ಕಳೆದ ತಿಂಗಳು ಬರೆದಿದ್ದೆ. ಮೈದಾನದ ಗೆರೆಯಾಚೆ ನಿಂತು ಮೊಬೈಲಿನಲ್ಲಿ ಆಟ ಹಿಡಿಯುವವರು, ನೋಟ್‌ಬುಕ್ಕಿನಲ್ಲಿ ಸ್ಕೋರು ಬರೆದು ರಾತ್ರಿ ವಾಟ್ಸ್‌ಆ್ಯಪಿಗೆ ಹಾಕುವವರು, ಆಟಗಾರ್ತಿಯರ ಚಿತ್ರ ಬಿಡಿಸುವವರು, ನಮ್ಮ ಬಾಗಲಕೋಟೆ ಮಾತಿನಲ್ಲೇ ವೀಕ್ಷಕ ವಿವರಣೆ ಕೊಡುವವರು, ಇವರನ್ನು ಹಗುರವಾಗಿ ಕಾಣಬೇಡಿ ಎಂದಷ್ಟೇ ನನ್ನ ಮಾತು. ಬಂದ ಉತ್ತರಗಳು ಮಾತ್ರ ಹಗುರವಾಗಿರಲಿಲ್ಲ. ಬಾದಾಮಿಯಿಂದ ನಿವೃತ್ತ ಮಾಸ್ತರರೊಬ್ಬರು ನಾಲ್ಕು ಪುಟದ ಪತ್ರ ಬರೆದರು. ಹುನಗುಂದದ ಹಳೆಯ ಆಟಗಾರರೊಬ್ಬರು ಫೋನು ಮಾಡಿ ಅರ್ಧ ತಾಸು ಬೈದರು. ಇಳಕಲ್ಲಿನ ಚಹಾದಂಗಡಿಯ ಮುಂದೆ ಒಬ್ಬರು ದಾರಿಯಲ್ಲಿ ನಿಲ್ಲಿಸಿ, "ಮೊಬೈಲ್ ಹಿಡದ್ರ ಗೋಲ್ ಬೀಳತೈತೇನ್ರಿ ಅಕ್ಕಾರ?" ಎಂದು ಕೇಳಿದರು. ಸುತ್ತಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಆದರೆ ಪ್ರಶ್ನೆ ಮನೆಯವರೆಗೂ ಬಂತು.

ಉತ್ತರಿಸುವ ಮುನ್ನ ನಾನು ಯಾವ ಕಡೆಯವಳು ಎಂಬುದನ್ನು ಹೇಳಿಬಿಡುತ್ತೇನೆ. ಹೈಸ್ಕೂಲಿನಲ್ಲಿದ್ದಾಗ ಎರಡು ವರ್ಷ ಹಾಕಿ ಆಡಿದವಳು ನಾನು, ಲೆಫ್ಟ್ ಹಾಫ್. ಗರಸಿನ ಮೈದಾನ, ಬಿದ್ದರೆ ಮೊಣಕಾಲಿನ ಚರ್ಮ ಅಲ್ಲೇ ಉಳಿಯುತ್ತಿತ್ತು. ಒಂದು ಸಲ ವಿಭಾಗ ಮಟ್ಟಕ್ಕೂ ಹೋಗಿ ಐದು ಗೋಲು ತಿಂದು ಬಂದೆವು. ಆ ಎರಡು ವರ್ಷದ ಒಂದು ಫೋಟೊ ನನ್ನ ಹತ್ತಿರ ಇಲ್ಲ. ಸಿಕ್ಕ ಒಂದೇ ಪ್ರಮಾಣಪತ್ರದಲ್ಲಿ ಹೆಸರು ತಪ್ಪಿತ್ತು, ಓದಿದವರು ಅದು ಬೇರೆ ಯಾರದೋ ಎನ್ನುತ್ತಿದ್ದರು. ಈಗ ಹಾಕಿ ಸ್ಟಿಕ್ಕು ಹಿಡಿದಿರುವ ನನ್ನ ಅಣ್ಣನ ಮಗಳು ಒಂದು ಸಂಜೆ ಕೇಳಿದಳು: "ಅತ್ತಿ, ನೀ ಖರೇನ ಹಾಕಿ ಆಡೀಯೇನು?" ನಂಬಿಸಲು ನನ್ನ ಬಳಿ ಇದ್ದದ್ದು ಮೊಣಕಾಲಿನ ಕಲೆ ಒಂದೇ. ಅವಳೂ ಅವಳ ಗೆಳತಿಯರೂ ವಿಡಿಯೊ ಮಾಡುತ್ತಾರೆ, ನಾನು ಪಕ್ಕದಲ್ಲಿ ಕುಳಿತು ಸ್ಕೋರು ಬರೆಯುತ್ತೇನೆ. ಹೀಗಾಗಿ ಇದು ತಟಸ್ಥರ ತೀರ್ಪಲ್ಲ, ಪ್ರತಿವಾದಿಯ ಹೇಳಿಕೆ. ಆಕ್ಷೇಪಗಳನ್ನು ಬಂದ ಕ್ರಮದಲ್ಲೇ ಎತ್ತಿಕೊಳ್ಳುತ್ತೇನೆ.

"ಮೊದಲು ಟರ್ಫ್ ಬೇಕು, ಕೋಚ್ ಬೇಕು, ಬೂಟು ಬೇಕು. ವಿಡಿಯೊ ಆಮೇಲಿನ ಮಾತು."

ಮೊದಲರ್ಧವನ್ನು ತಕರಾರಿಲ್ಲದೆ ಒಪ್ಪುತ್ತೇನೆ. ಟರ್ಫಿಗೆ ಕೋಟಿಗಟ್ಟಲೆ ಹಣ ಬೇಕು, ನಮ್ಮ ಬೇಸಿಗೆಯಲ್ಲಿ ಅದನ್ನು ತೋಯಿಸಲು ನೀರೂ ಬೇಕು. ಅದನ್ನು ಯಾವ ಅಭಿಮಾನಿಯೂ ಹಾಸಲಾರ. 2018ರಿಂದ ಒಡಿಶಾ ಸರ್ಕಾರ ರಾಷ್ಟ್ರೀಯ ತಂಡಗಳ ಪ್ರಾಯೋಜಕತ್ವಕ್ಕೆ ನಿಂತದ್ದರಿಂದ ಭಾರತದ ಹಾಕಿಗೆ ಉಸಿರು ಬಂತು ಎಂಬುದೂ ನಿಜ. ನನ್ನ ತಕರಾರು ಇರುವುದು "ಆಮೇಲಿನ ಮಾತು" ಎಂಬಲ್ಲಿ. ಕಾಣದ ಆಟಕ್ಕೆ ಯಾರೂ ಟರ್ಫ್ ಹಾಸುವುದಿಲ್ಲ.

ಎರಡು ಒಲಿಂಪಿಕ್ಸ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಗಂಡಸರ ಹಾಕಿ ಒಲಿಂಪಿಕ್ಸ್ ಸೇರಿದ್ದು 1908ರಲ್ಲಿ, ಹೆಂಗಸರ ಹಾಕಿಗೆ ಬಾಗಿಲು ತೆರೆದದ್ದು 1980ರಲ್ಲಿ, ಮಾಸ್ಕೋದಲ್ಲಿ. ಆ ಮೊದಲ ಸಲವೇ ರೂಪಾ ಸೈನಿ ನಾಯಕಿಯಾಗಿದ್ದ ನಮ್ಮ ತಂಡ ನಾಲ್ಕನೆಯ ಸ್ಥಾನ ಪಡೆಯಿತು. ಅದೇ ಒಲಿಂಪಿಕ್ಸ್‌ನಲ್ಲಿ ಗಂಡಸರು ಗೆದ್ದ ಚಿನ್ನ ಎಲ್ಲರಿಗೂ ನೆನಪಿದೆ. ಹೆಂಗಸರ ನಾಲ್ಕನೆಯ ಸ್ಥಾನ ರಸಪ್ರಶ್ನೆಯಲ್ಲೂ ಬರುವುದಿಲ್ಲ. ಆ ತಂಡ ಮತ್ತೆ ಒಲಿಂಪಿಕ್ಸ್ ಮೆಟ್ಟಿಲು ಹತ್ತಲು 36 ವರ್ಷ ಬೇಕಾಯಿತು. 2016ರ ರಿಯೊದಲ್ಲಿ ಹನ್ನೆರಡು ತಂಡಗಳಲ್ಲಿ ಕೊನೆಯ ಸ್ಥಾನ.

ಟೋಕಿಯೊ ಬಂತು. 2021ರ ಆಗಸ್ಟ್ 2ರಂದು ಗುರ್ಜಿತ್ ಕೌರ್ ಅವರ ಒಂದೇ ಗೋಲಿನಿಂದ ಆಸ್ಟ್ರೇಲಿಯಾವನ್ನು ಸೋಲಿಸಿದೆವು. ಅಂದು ಗೋಲ್‌ಕೀಪರ್ ಸವಿತಾ ಗೋಡೆಯಾಗಿದ್ದರು. ಆಗಸ್ಟ್ 6ರಂದು ಕಂಚಿನ ಪಂದ್ಯದಲ್ಲಿ ಬ್ರಿಟನ್ನಿಗೆ 3–4ರಿಂದ ಸೋತೆವು. ಸ್ಥಾನ ಅದೇ ನಾಲ್ಕನೆಯದು. ಆದರೆ ಈ ಸಲ ನಮ್ಮ ಓಣಿಯಲ್ಲಿ ಹೆಂಗಸರು ಅತ್ತರು. ಒಂದೇ ಸ್ಥಾನಕ್ಕೆ ಎರಡು ಬೇರೆ ಹಣೆಬರಹ ಯಾಕೆ? ಟಿವಿಯ ಪಾಲಿದೆ, ಒಡಿಶಾದ ಹಣದ ಪಾಲಿದೆ. ಜೊತೆಗೆ, ಟೋಕಿಯೊಕ್ಕೆ ಮುಂಚೆಯೇ ರಾಣಿ ರಾಂಪಾಲ್, ವಂದನಾ, ಸವಿತಾ ಎಂಬ ಹೆಸರುಗಳನ್ನು ಒಂದು ಪೀಳಿಗೆಯ ಹುಡುಗಿಯರು ಮೊಬೈಲಿನಿಂದ ಮೊಬೈಲಿಗೆ ದಾಟಿಸಿದ್ದರು. 2020ರ ಜನವರಿಯಲ್ಲಿ 'ವರ್ಲ್ಡ್ ಗೇಮ್ಸ್ ವರ್ಷದ ಆಟಗಾರ' ಗೌರವಕ್ಕೆ ಸಾರ್ವಜನಿಕರ ಮತದಾನ ನಡೆದಾಗ, ಗಾಡಿ ಎಳೆಯುವ ತಂದೆಯ ಮಗಳಾದ ರಾಣಿಗೆ ಸುಮಾರು 2 ಲಕ್ಷ ಮತ ಬಿದ್ದವು. ಆ ಗೌರವ ಪಡೆದ ಮೊದಲ ಹಾಕಿ ಪಟು ಆಕೆ, ಗಂಡಸರನ್ನೂ ಸೇರಿಸಿ. ಆ ಮತ ಒತ್ತಿದ್ದು ಟರ್ಫಲ್ಲ, ಬೆರಳು.

ಇಳಕಲ್ಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಗೆ ಕೊಂಡಿ ಹಾಕಿ ಕೂಡಿಸದಿದ್ದರೆ ಒಡಲು ಎಷ್ಟು ಗಟ್ಟಿಯಿದ್ದರೂ ಅದು ಇಳಕಲ್ ಸೀರೆ ಅನ್ನಿಸಿಕೊಳ್ಳುವುದಿಲ್ಲ. ಟರ್ಫು, ಕೋಚು, ಬೂಟು ಒಡಲು. ನೋಡುವ ಜನ ಸೆರಗು. ಕೊಂಡಿ ಹಾಕುವ ಕೆಲಸ ಬೇಸರದ್ದು, ಕೂಲಿ ಕಡಿಮೆ, ಹೆಸರಂತೂ ಇಲ್ಲ. ನಮ್ಮ ಅಭಿಮಾನಿಗಳು ಮಾಡುತ್ತಿರುವುದು ಅದನ್ನೇ.

"ಇದು ಕಬಡ್ಡಿ, ಖೋಖೋ, ಕುಸ್ತಿಯ ನೆಲ. ಹಾಕಿ ಇಲ್ಲಿ ಬೇರು ಬಿಡುವುದಿಲ್ಲ."

ಹುನಗುಂದದ ಹಿರಿಯರ ಮಾತಿದು. ಅವರೇ ಹಾಕಿ ಆಡಿದವರಾದ್ದರಿಂದ ಬೇಸರದಲ್ಲಿ ಹೇಳಿದ್ದಿರಬೇಕು. ನಾನು ತಿರುಗಿ ಕೇಳುವುದು ಇಷ್ಟೆ: ಸೈಕಲ್ಲು ನಮ್ಮ ಹೊಲದ ಬಿಳಿಜೋಳವೇ? ಇವತ್ತು ರಾಜ್ಯದಲ್ಲಿ ಸೈಕ್ಲಿಂಗ್ ಎಂದರೆ ಬಾಗಲಕೋಟೆ, ವಿಜಯಪುರದ ಹೆಸರು ಬರುತ್ತದೆ, ಅದರಲ್ಲೂ ನಮ್ಮ ಹುಡುಗಿಯರ ಹೆಸರು. ಹಾಕಿಯೇನು ದೂರದ್ದಲ್ಲ, ಹುಬ್ಬಳ್ಳಿ ಗದಗಗಳಲ್ಲಿ ಗಟ್ಟಿ ಹಾಕಿ ಪರಂಪರೆಯೇ ಇದೆ.

ಕರ್ನಾಟಕದ ಹೆಣ್ಣುಮಕ್ಕಳ ಹಾಕಿಗೆ ಬೇರು ಇಲ್ಲ ಎನ್ನುವವರು ಎಲ್ವೆರಾ ಬ್ರಿಟ್ಟೊ ಅವರ ಹೆಸರು ಕೇಳಿರಲಾರರು. ಬೆಂಗಳೂರಿನ ಈ ಆಟಗಾರ್ತಿ 1960ರಿಂದ 1967ರವರೆಗೆ ಮೈಸೂರು ರಾಜ್ಯದ ತಂಡವನ್ನು ಮುನ್ನಡೆಸಿ ಏಳು ರಾಷ್ಟ್ರೀಯ ಪ್ರಶಸ್ತಿ ಗೆದ್ದರು. ಸೋದರಿಯರಾದ ರೀಟಾ ಮತ್ತು ಮೇ ಕೂಡ ಹಾಕಿ ಆಡಿದವರೇ. 1965ರಲ್ಲಿ ಅರ್ಜುನ ಪ್ರಶಸ್ತಿ ಬಂತು, ಹಾಕಿಯಲ್ಲಿ ಅದನ್ನು ಪಡೆದ ಎರಡನೆಯ ಮಹಿಳೆ. 2022ರ ಏಪ್ರಿಲ್‌ನಲ್ಲಿ ತೀರಿಕೊಂಡರು. ನಮ್ಮ ಹುಡುಗಿಯರ ಮುಂದೆ ಈ ಹೆಸರು ಹೇಳಿದೆ. "ಯಾವ ಸಿನೆಮಾದಾಕಿರೀ?" ಎಂದರು. ಬೇರು ಇತ್ತು, ಅದಕ್ಕೆ ನೀರು ಹೊಯ್ಯುವ ಮಂದಿ ಇರಲಿಲ್ಲ.

ನೀರು ಹೊಯ್ದರೆ ಏನಾಗುತ್ತದೆ ಎಂಬುದಕ್ಕೆ ಕೊಡಗಿಗೆ ಹೋಗಿ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಎಂಬ ಹಾಕಿ ಪ್ರೇಮಿ ಕರಡದಲ್ಲಿ ಕೊಡವ ಕುಟುಂಬಗಳ ನಡುವೆ ಪಂದ್ಯಾವಳಿ ಶುರು ಮಾಡಿದರು. ಆಗ ಬಂದದ್ದು 60 ಕುಟುಂಬಗಳ ತಂಡ. 2024ರಲ್ಲಿ ಕುಂಡ್ಯೋಳಂಡ ಕುಟುಂಬ ನಾಪೋಕ್ಲುವಿನಲ್ಲಿ ನಡೆಸಿದಾಗ 360 ತಂಡಗಳಾಗಿ ಗಿನ್ನೆಸ್ ದಾಖಲೆ ಸೇರಿತು. ಯಾವ ಫೆಡರೇಷನ್ನಿನ ಯೋಜನೆಯೂ ಅಲ್ಲ, ವರ್ಷಕ್ಕೊಂದು ಮನೆತನ ಹೊಣೆ ಹೊರುತ್ತದೆ. ಅಲ್ಲಿ ಮಾವ, ಸೊಸೆ, ಮೊಮ್ಮಗಳು ಒಂದೇ ತಂಡದಲ್ಲಿ ಸ್ಟಿಕ್ಕು ಹಿಡಿದು ಇಳಿಯುತ್ತಾರೆ. ಹೆಣ್ಣುಮಕ್ಕಳಿಗೂ ಜಾಗ ಕೊಡಿ ಎಂದು ಅಲ್ಲಿ ಯಾರೂ ಭಾಷಣ ಮಾಡಲಿಲ್ಲ. ಮನೆಯ ತಂಡ ಎಂದಮೇಲೆ ಮನೆಯವರೆಲ್ಲ ಆಡಿದರು.

ಕೊಡಗಿಗೆ ಮಳೆಯಿದೆ, ಹಸಿರಿದೆ ಎನ್ನುತ್ತೀರಾ? ಹಾಗಾದರೆ ಲಡಾಖಿಗೆ ಬನ್ನಿ. ಅಲ್ಲಿನ ಹುಡುಗಿಯರು ಆಡುವುದು ಐಸ್ ಹಾಕಿ, ಕೆರೆ ಹೆಪ್ಪುಗಟ್ಟಿದರೆ ಅದೇ ಮೈದಾನ. 2016ರಲ್ಲಿ ಭಾರತದ ಮಹಿಳಾ ಐಸ್ ಹಾಕಿ ತಂಡ ಮೊದಲ ಬಾರಿಗೆ ಅಂತರರಾಷ್ಟ್ರೀಯ ಪಂದ್ಯಕ್ಕಿಳಿಯಿತು. ಸರ್ಕಾರದ ಹಣ ಸಾಲದಾದಾಗ, ಐಸ್ ಹಾಕಿಯನ್ನು ಜನ್ಮದಲ್ಲಿ ನೋಡದವರೂ ಅವರ ವಿಡಿಯೊ ನೋಡಿ ಆನ್‌ಲೈನಿನಲ್ಲಿ ಚಂದಾ ಹಾಕಿದರು. 2017ರಲ್ಲಿ ಬ್ಯಾಂಕಾಕಿನಲ್ಲಿ ಫಿಲಿಪ್ಪೀನ್ಸ್ ವಿರುದ್ಧ 4–3ರಿಂದ ಮೊದಲ ಗೆಲುವು. 2025ರಲ್ಲಿ ಏಷ್ಯಾ ಕಪ್ಪಿನಲ್ಲಿ ಕಂಚು. ಗೆದ್ದ ಮೇಲೆ ಅಭಿಮಾನಿಗಳು ಬಂದರು ಎಂಬುದು ಎಲ್ಲ ಕಡೆ ಕೇಳುವ ಕಥೆ. ಇಲ್ಲಿ ಅಭಿಮಾನಿಗಳು ಮೊದಲು ಬಂದರು, ಗೆಲುವು ಆಮೇಲೆ ಬಂತು.

"ಆಟದ ಬಗ್ಗೆ ಬರೆಯುವುದು ಬಲ್ಲವರ ಕೆಲಸ. ಹವ್ಯಾಸಿಗಳು ತಪ್ಪು ಮಾಡುತ್ತಾರೆ, ಭಾಷೆಯನ್ನೂ ಕೆಡಿಸುತ್ತಾರೆ."

ತಪ್ಪು ಮಾಡುತ್ತೇವೆ. ನಮ್ಮ ಹುಡುಗಿಯರೇ ಒಂದು ಪಂದ್ಯದಲ್ಲಿ ಗೋಲು ಹೊಡೆದವಳ ಹೆಸರು ಬದಲಿಸಿ ಹೇಳಿಬಿಟ್ಟರು. ಮರುದಿನ ಒಬ್ಬಳು ಮನೆಗೆ ಬಂದು ಬಾಗಿಲಲ್ಲೇ ನಿಂತು, "ಅಕ್ಕಾರ, ಅದು ನಾ ಹೊಡದದ್ದು" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಗಾಬರಿಯಿತ್ತು. ತಿದ್ದಿ ಮತ್ತೆ ಹಾಕಿದೆವು. ನನ್ನ ಪ್ರಮಾಣಪತ್ರವನ್ನು ಯಾರೂ ತಿದ್ದಿರಲಿಲ್ಲ.

ಬಲ್ಲವರು ಬರೆಯಲಿ, ಬೇಡ ಎಂದವರು ಯಾರು? ಆದರೆ ತಾಲ್ಲೂಕು ಮಟ್ಟದ ಹುಡುಗಿಯರ ಪಂದ್ಯಕ್ಕೆ ಯಾವ ಪತ್ರಿಕೆಯ ಕ್ರೀಡಾ ವರದಿಗಾರ ಬರುತ್ತಾನೆ? ಬಂದರೂ ಮರುದಿನ ಅಚ್ಚಾಗುವುದು ಉದ್ಘಾಟಿಸಿದ ಗಣ್ಯರ ಹೆಸರು, ಅಧ್ಯಕ್ಷತೆ ವಹಿಸಿದವರ ಹೆಸರು, ವಂದಿಸಿದವರ ಹೆಸರು. ಆಡಿದವರದು ಕೊನೆಯ ಸಾಲಿನಲ್ಲಿ, ಜಾಗ ಉಳಿದರೆ.

ಪತ್ರ ಬರೆದ ಮಾಸ್ತರರು ಬಾದಾಮಿಯವರಾದ್ದರಿಂದ ಅವರ ಊರಿನ ಬಂಡೆಯನ್ನೇ ಸಾಕ್ಷಿಗೆ ಕರೆಯುತ್ತೇನೆ. ಕೆರೆಯ ಮೇಲಿನ ಬಂಡೆಯಲ್ಲಿ ಕಪ್ಪೆ ಅರಭಟ್ಟನ ಶಾಸನವಿದೆ, ಸುಮಾರು 1300 ವರ್ಷ ಹಳೆಯದು, ಕನ್ನಡದ ತ್ರಿಪದಿಯ ಮೊದಲ ಕುರುಹುಗಳಲ್ಲೊಂದು. ಯಾರು ಈ ಅರಭಟ್ಟ? ರಾಜನಲ್ಲ. ಅವನ ಯುದ್ಧಗಳ ಪಟ್ಟಿಯಿಲ್ಲ, ವಂಶಾವಳಿಯಿಲ್ಲ. ಅವನನ್ನು ಮೆಚ್ಚಿದವನೊಬ್ಬ ಬಂಡೆಗೆ ಉಳಿ ಹಿಡಿದ, ಅದರಿಂದ ಅವನ ಹೆಸರು ಉಳಿಯಿತು. ಹುನಗುಂದ ಸೀಮೆಯ ಐಹೊಳೆಗೆ ಬಂದರೆ ಮೇಗುತಿ ಗುಡಿಯಲ್ಲಿ ಕ್ರಿ.ಶ. 634ರ ರವಿಕೀರ್ತಿಯ ಶಾಸನ. ಇಮ್ಮಡಿ ಪುಲಿಕೇಶಿ ಹರ್ಷನನ್ನು ಸೋಲಿಸಿದ್ದನ್ನು ಸಾರುವ ಈ ಕವಿ ಪಕ್ಕಾ ಅಭಿಮಾನಿ. ತನ್ನನ್ನೂ ಬಿಡದೆ ಕಾಳಿದಾಸ, ಭಾರವಿಯರ ಸಾಲಿನಲ್ಲಿ ಕೂರಿಸಿಕೊಂಡ. ಇವತ್ತಿನ ಹುಡುಗರು ವಿಡಿಯೊದ ಕೊನೆಗೆ ತಮ್ಮ ಹೆಸರು ಹಾಕಿಕೊಂಡರೆ ನಗುವವರು ಮೇಗುತಿಯ ಗುಡ್ಡ ಹತ್ತಿ ಅಲ್ಲಿಯೂ ನಗಬೇಕು.

ಇನ್ನೂ ಹತ್ತಿರದ ಸಾಕ್ಷಿ ಬೇಕೆಂದರೆ ವಿಜಯಪುರದ ಫ.ಗು. ಹಳಕಟ್ಟಿ. ವೃತ್ತಿಯಿಂದ ವಕೀಲರು, ಪ್ರಾಧ್ಯಾಪಕರಲ್ಲ. ಮಠ ಮನೆಗಳನ್ನು ಸುತ್ತಿ ಓಲೆಗರಿ ಕೂಡಿಸಿದರು, 1923ರಲ್ಲಿ 'ವಚನಶಾಸ್ತ್ರಸಾರ' ಹೊರತಂದರು. ಅಚ್ಚು ಹಾಕುವವರು ಸಿಗದಾಗ 1925ರಲ್ಲಿ ತಾವೇ ಹಿತಚಿಂತಕ ಮುದ್ರಣಾಲಯ ತೆರೆದರು, ಮರುವರ್ಷ 'ಶಿವಾನುಭವ' ಪತ್ರಿಕೆ. ನೇಕಾರರ, ಅಂಬಿಗರ, ಕಾಯಕದ ಹೆಣ್ಣುಮಕ್ಕಳ ಮಾತು ನಮ್ಮ ಕೈಗೆ ಸಿಕ್ಕಿದ್ದು ಇಂಥ ಒಬ್ಬ ಹವ್ಯಾಸಿಯ ಹಟದಿಂದ. ಮೊಬೈಲ್ ಹಿಡಿದ ಹುಡುಗಿಯನ್ನು ಹಳಕಟ್ಟಿಯವರ ಪಕ್ಕದಲ್ಲಿ ನಿಲ್ಲಿಸುತ್ತಿಲ್ಲ, ಅಷ್ಟು ಸಲುಗೆ ನನಗಿಲ್ಲ. "ಇದು ನಿನ್ನ ಕೆಲಸವಲ್ಲ" ಎನ್ನುವ ಮಾತಿಗೆ ಈ ಸೀಮೆಯಲ್ಲಿ ಬೆಲೆ ಕಡಿಮೆ ಎಂದಷ್ಟೇ ಹೇಳುತ್ತಿದ್ದೇನೆ.

ಭಾಷೆ ಕೆಡುತ್ತದೆ ಎಂಬುದಕ್ಕೆ ಒಂದೇ ಉದಾಹರಣೆ ಸಾಕು. ಪೆನಾಲ್ಟಿ ಕಾರ್ನರ್ ಎಂದರೇನು ಎಂಬುದನ್ನು ಪುಸ್ತಕದ ಕನ್ನಡದಲ್ಲಿ ನಾನು ಮೂರು ಸಲ ವಿವರಿಸಿದರೂ ನನ್ನ ಅತ್ತಿಗೆಗೆ ತಿಳಿಯಲಿಲ್ಲ. ಮಗಳು ವಿಡಿಯೊದಲ್ಲಿ ಹೇಳಿದಳು: "ಗೋಲಿ ಹಿಡದು ಐದು ಮಂದಿ ಮನಿ ಕಾಯಾಕ ಗೆರಿ ಹಿಂದ ನಿಂದರತಾರ, ಉಳದಾವ್ರು ಅರ್ಧ ಹೊಲ ದಾಟಿ ದೂರ. ಚೆಂಡು ಹೊರಗ ಬರೂತನಾ ಯಾರೂ ಹೊಸಲ ದಾಟೂಹಂಗಿಲ್ಲ." ಅತ್ತಿಗೆ ಅಂದಿನಿಂದ ಮಗಳ ಪಂದ್ಯ ನೋಡುತ್ತಾರೆ, ಮುನ್ನುಗ್ಗುವುದು ತಡವಾದರೆ ಬೈಯುತ್ತಾರೆ. ಭಾಷೆ ಕೆಟ್ಟಿತೋ, ಒಬ್ಬ ತಾಯಿ ಮೈದಾನದೊಳಗೆ ಬಂದಳೋ, ನೀವೇ ಹೇಳಿ.

"'ಚಕ್ ದೇ' ಬಂದಾಗಲೂ ಇದೇ ಹುಚ್ಚು. ಎಲ್ಲಿ ಹೋಯಿತು?"

ಇದು ಮಾಸ್ತರರ ಪತ್ರದ ಅತ್ಯಂತ ಜಾಣ ಸಾಲು. 2007ರಲ್ಲಿ ಆ ಸಿನೆಮಾ ಬಂತು, ಊರೂರಲ್ಲಿ ಹಾಡು ಮೊಳಗಿತು, ಮರುವರ್ಷ ಬೀಜಿಂಗ್ ಒಲಿಂಪಿಕ್ಸ್‌ಗೆ ನಮ್ಮ ಹೆಂಗಸರ ತಂಡ ಅರ್ಹತೆಯನ್ನೇ ಪಡೆಯಲಿಲ್ಲ. ಮಾತು ಸರಿ. ಆದರೆ ಅದು ಯಾವುದಕ್ಕೆ ಪುರಾವೆ? ಸಿನೆಮಾದಲ್ಲಿ ಜನ ಮೆಚ್ಚಿದ್ದು ಕಲ್ಪಿತ ಆಟಗಾರ್ತಿಯರನ್ನು. ಥಿಯೇಟರಿನಿಂದ ಹೊರಬಂದವರಿಗೆ ನಿಜವಾದ ತಂಡದ ಒಬ್ಬಳ ಹೆಸರೂ ಗೊತ್ತಿರಲಿಲ್ಲ, ತಿಳಿಯುವ ದಾರಿಯೂ ಇರಲಿಲ್ಲ. ಜಾತ್ರೆಯ ಗದ್ದಲಕ್ಕೂ ಮನೆಯ ದಿನದ ದೀಪಕ್ಕೂ ಇರುವ ವ್ಯತ್ಯಾಸ ಬನಶಂಕರಿ ಜಾತ್ರೆ ನೋಡಿದವರಿಗೆ ಗೊತ್ತು. ಅಭಿಮಾನಿ ಮಾಡುವುದು ದಿನದ ದೀಪದ ಕೆಲಸ. ಸೋತ ವಾರವೂ ಅದೇ ಹುಡುಗಿ, ಗಾಯಗೊಂಡು ಕೂತ ತಿಂಗಳೂ ಅದೇ ಹುಡುಗಿ. 2024ರ ಜನವರಿಯಲ್ಲಿ ರಾಂಚಿಯಲ್ಲಿ ಜಪಾನಿಗೆ 0–1ರಿಂದ ಸೋತು ಪ್ಯಾರಿಸ್ ದಾರಿ ಮುಚ್ಚಿದಾಗ ದೊಡ್ಡವರ ಕ್ಯಾಮೆರಾ ಬೇರೆ ಕಡೆ ತಿರುಗಿತು. ಹಾಕಿಯ ಹುಡುಗಿಯರನ್ನು ಹಿಂಬಾಲಿಸುವ ಸಣ್ಣ ಪುಟಗಳು ತಿರುಗಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ರಾಜಗೀರ್‌ನಲ್ಲಿ ದೀಪಿಕಾ ಅವರ ಗೋಲಿನಿಂದ ಚೀನಾವನ್ನು 1–0ಯಿಂದ ಸೋಲಿಸಿ ಏಷ್ಯನ್ ಚಾಂಪಿಯನ್ಸ್ ಟ್ರೋಫಿ ಗೆದ್ದಾಗ ದೀಪಿಕಾ ಯಾರು ಎಂದು ನಮ್ಮ ಹುಡುಗಿಯರು ಕೇಳಬೇಕಾಗಲಿಲ್ಲ.

ಇದರ ಜೊತೆಗೇ ಬರುವ ಉಪ ಆಕ್ಷೇಪ: ಕ್ರಿಕೆಟ್ಟಿಗೆ ಹಣವಿದೆ, ಅದಕ್ಕೇ ಅಭಿಮಾನಿಗಳು. ಹೆಂಗಸರ ಕ್ರಿಕೆಟ್ಟಿಗೂ ನಿನ್ನೆ ಮೊನ್ನೆಯವರೆಗೆ ಹಣ ಇರಲಿಲ್ಲ. ಬೆಂಗಳೂರಿನ ಶಾಂತಾ ರಂಗಸ್ವಾಮಿ ನಾಯಕಿಯಾಗಿ 1976ರಲ್ಲಿ ಪಟ್ನಾದಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಮೊದಲ ಟೆಸ್ಟ್ ಗೆದ್ದುಕೊಟ್ಟಾಗ ಯಾವ ಕಂಪನಿಯೂ ಹಿಂದೆ ಬಿದ್ದಿರಲಿಲ್ಲ. ನಮ್ಮ ಪಕ್ಕದ ವಿಜಯಪುರದ ರಾಜೇಶ್ವರಿ ಗಾಯಕವಾಡ 2017ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡಿನ ಐದು ವಿಕೆಟ್ಟುಗಳನ್ನು ಬರೀ 15 ರನ್ನಿಗೆ ಕಿತ್ತ ದಿನ ಅವರ ವಿಡಿಯೊ ತುಣುಕು ನಮ್ಮ ಊರುಗಳಲ್ಲಿ ಓಡಾಡಿದ್ದು ಯಾರ ಜಾಹೀರಾತಿನಿಂದಲೂ ಅಲ್ಲ. 'ಈ ಸಲ ಕಪ್ ನಮ್ದೆ' ಎಂಬ ಘೋಷಣೆಯನ್ನು ಜನರ ಬಾಯಲ್ಲಿ ವರ್ಷಗಟ್ಟಲೆ ಉಳಿಸಿದವರು ಅಭಿಮಾನಿಗಳೇ, ಅದೂ ಆರ್‌ಸಿಬಿಯ ಗಂಡಸರ ತಂಡಕ್ಕಾಗಿ. 2024ರ ಮಾರ್ಚ್ 17ರಂದು ಅದನ್ನು ಮೊದಲು ನಿಜ ಮಾಡಿದವರು ಆರ್‌ಸಿಬಿಯ ಹೆಂಗಸರು. ಫೈನಲ್‌ನಲ್ಲಿ ಕಲಬುರಗಿ ಮೂಲದ ಶ್ರೇಯಾಂಕಾ ಪಾಟೀಲ ನಾಲ್ಕು ವಿಕೆಟ್ ಪಡೆದರು, ನಾಯಕಿ ಸ್ಮೃತಿ ಮಂಧಾನ 'ನಮ್ದೆ'ಯನ್ನು 'ನಮ್ದು' ಎಂದು ತಿದ್ದಿದರು. ಜನ ಕಟ್ಟಿದ ಮಾತಿಗೆ ಒಡತಿಯರು ಸಿಕ್ಕಿದ್ದು ಹೀಗೆ. ಹಾಕಿಗೆ ಇನ್ನೂ ಅಂಥ ಮಾತು ಹುಟ್ಟಿಲ್ಲ. 2025ರ ಜನವರಿಯಲ್ಲಿ ಶುರುವಾದ ಮಹಿಳಾ ಹಾಕಿ ಇಂಡಿಯಾ ಲೀಗಿನಲ್ಲಿದ್ದ ನಾಲ್ಕು ತಂಡಗಳಲ್ಲಿ ಕರ್ನಾಟಕದ್ದು ಒಂದೂ ಇರಲಿಲ್ಲ. ಕೂಗಲು ತಂಡವೇ ಇಲ್ಲದವರಿಗೆ ನೀವು ಕೂಗಿದ್ದು ಜಾಸ್ತಿಯಾಯಿತು ಎನ್ನುತ್ತೀರಿ.

"ಹೆಣ್ಣುಮಕ್ಕಳ ಮುಖ ಊರಿಗೆಲ್ಲ ತೋರಿಸುವುದು ಅಪಾಯ."

ಇಲ್ಲಿ ನಾನು ನಗುವುದಿಲ್ಲ, ವಾದದ ಚಾತುರ್ಯ ತೋರಿಸುವುದೂ ಇಲ್ಲ. ಈ ಆಕ್ಷೇಪ ಹೇಳಿದವರಲ್ಲಿ ಹೆಚ್ಚಿನವರು ತಂದೆ ತಾಯಿಗಳು. ಅಭಿಮಾನದ ಹೆಸರಿನಲ್ಲಿ ಏನೇನು ನಡೆಯುತ್ತದೆ ಎಂಬುದನ್ನು ನಾವೂ ನೋಡಿದ್ದೇವೆ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಆರ್‌ಸಿಬಿ ಗಂಡಸರ ವಿಜಯೋತ್ಸವಕ್ಕೆ ಬಂದವರಲ್ಲಿ 11 ಜನ ನೂಕುನುಗ್ಗಲಿನಲ್ಲಿ ಸತ್ತರು. ಅದನ್ನು ಮರೆಯಿರಿ ಎಂದು ಯಾರೂ ಹೇಳಬಾರದು. ಆದರೆ ಆ ನೆನಪನ್ನು ನಲವತ್ತು ಜನ ನೋಡುವ ಹುಡುಗಿಯರ ಪಂದ್ಯದ ಗೆರೆಯಾಚೆ ನೋಟ್‌ಬುಕ್ಕು ಹಿಡಿದು ಕೂತವಳ ಮೇಲೆ ಹೊರಿಸುವುದು ನ್ಯಾಯವಲ್ಲ. ನಮ್ಮ ಕಷ್ಟ ಜನ ಹೆಚ್ಚಾದದ್ದಲ್ಲ, ಬಾರದೇ ಇರುವುದು.

ವಂದನಾ ಕಟಾರಿಯಾ ಅವರ ವಿಷಯವನ್ನೂ ನೀವು ಎತ್ತಿದ್ದೀರಿ. ಟೋಕಿಯೊದಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಹ್ಯಾಟ್ರಿಕ್ ಹೊಡೆದು, ಒಲಿಂಪಿಕ್ಸ್ ಹಾಕಿಯಲ್ಲಿ ಆ ಸಾಧನೆ ಮಾಡಿದ ಮೊದಲ ಭಾರತೀಯ ಮಹಿಳೆಯಾದರು. ಅದಾಗಿ ಕೆಲವೇ ದಿನಕ್ಕೆ ಸೆಮಿಫೈನಲ್ ಸೋತಾಗ ಹರಿದ್ವಾರದ ಬಳಿಯ ಅವರ ಮನೆಯ ಮುಂದೆ ಪಟಾಕಿ ಹೊಡೆದು ಜಾತಿ ಹಿಡಿದು ಬೈದರು. ಕುಟುಂಬ ಪೊಲೀಸರಿಗೆ ದೂರು ಕೊಟ್ಟಿತು. ಪ್ರಚಾರ ಸಿಕ್ಕರೆ ಹೀಗೇ ಆಗುತ್ತದೆ ಎಂಬುದು ನಿಮ್ಮ ತೀರ್ಮಾನ. ನನಗೆ ಕಾಣುವುದು ಬೇರೆ. ಬೈದವರು ಎಲ್ಲೋ ಕೂತು ವಿಡಿಯೊ ನೋಡಿದವರಲ್ಲ, ಮನೆಯ ಬಾಗಿಲಿಗೇ ಬಂದವರು. ಅವರಿಗೆ ಮೊಬೈಲು ಬೇಕಿರಲಿಲ್ಲ, ಪಟಾಕಿ ಸಾಕಾಯಿತು. ದೇಶದ ಮೂಲೆಮೂಲೆಯಿಂದ ಆಕೆಯ ಪರ ನಿಂತವರು ಆಕೆಯ ಆಟವನ್ನು ಮೊಬೈಲಿನಲ್ಲಿ, ಟಿವಿಯಲ್ಲಿ ನೋಡಿದ್ದ ಅಪರಿಚಿತರು. ಕಾಣದಂತೆ ಇರುವುದು ರಕ್ಷಣೆ ಎಂದು ನಮ್ಮ ಹೆಣ್ಣುಮಕ್ಕಳಿಗೆ ಹೇಳುತ್ತಲೇ ಬಂದಿದ್ದೇವೆ. ಕಾಣದವರಿಗೆ ಬಿದ್ದ ಪೆಟ್ಟು ಮಾತ್ರ ಯಾರಿಗೂ ಕಾಣುವುದಿಲ್ಲ.

ಆದರೂ ನಿಮ್ಮ ಭಯಕ್ಕೆ ಉತ್ತರ ಕೊಡಬೇಕಾದದ್ದು ಮಾತಿನಿಂದಲ್ಲ, ನಡೆಯಿಂದ. ನಾವು ಇಟ್ಟುಕೊಂಡ ಕಟ್ಟುಗಳು ಇವು. ಮನೆಯವರೂ ಶಾಲೆಯವರೂ ಹುಡುಗಿಯೂ ಹೂಂ ಎಂದರಷ್ಟೇ ಮುಖ, ಹೆಸರು. ಯಾವ ಹಾಸ್ಟೆಲು, ಯಾವ ಓಣಿ ಎಂಬುದನ್ನು ಎಲ್ಲಿಯೂ ಹಾಕುವುದಿಲ್ಲ. ಮಕ್ಕಳ ವಿಡಿಯೊದ ಕೆಳಗೆ ಯಾರೂ ಏನೂ ಬರೆಯದಂತೆ ಮುಚ್ಚಿರುತ್ತೇವೆ. ಕ್ಯಾಮೆರಾ ಚೆಂಡಿನ ಹಿಂದೆ ಓಡಬೇಕು, ಹುಡುಗಿಯ ಹಿಂದಲ್ಲ. ಒಬ್ಬ ತಂದೆ ಬೇಡ ಎಂದರು. ಆ ಹುಡುಗಿ ನಮ್ಮ ವಿಡಿಯೊದಲ್ಲಿಲ್ಲ. ನೋಟ್‌ಬುಕ್ಕಿನಲ್ಲಿ 'ನಂಬರ್ 7, ಎರಡು ಗೋಲು' ಎಂದಿದೆ, ಅಷ್ಟೆ. ಎಲ್ಲ ಅಭಿಮಾನಿಗಳೂ ಹೀಗಿಲ್ಲ ಎನ್ನುತ್ತೀರಿ, ನಿಜ. ಅದಕ್ಕೆ ಮದ್ದು ಒಳ್ಳೆಯ ಅಭಿಮಾನಿಗಳನ್ನು ಓಡಿಸುವುದಲ್ಲ.

"ಎಲ್ಲರನ್ನೂ ತೋರಿಸುತ್ತ ಹೋದರೆ ಗುಣಮಟ್ಟ ಎಲ್ಲಿ? ಗೆದ್ದವರ ಹೆಸರು ಸಾಕು."

ಈ ಮಾತಿನಲ್ಲಿ ಒಂದಂಶ ಸರಿಯಿದೆ, ಅದನ್ನು ಮೊದಲು ಒಪ್ಪಿಬಿಡುತ್ತೇನೆ. 2021ರಲ್ಲಿ ಅಂತರರಾಷ್ಟ್ರೀಯ ಹಾಕಿ ಫೆಡರೇಷನ್ನಿನ ವಾರ್ಷಿಕ ಪ್ರಶಸ್ತಿಗಳಲ್ಲಿ ಎಂಟಕ್ಕೆ ಎಂಟೂ ಭಾರತ ತಂಡದವರ ಪಾಲಾದವು. ಒಲಿಂಪಿಕ್ಸ್ ಚಿನ್ನ ಗೆದ್ದ ಬೆಲ್ಜಿಯಂ ತಂಡದವರಿಗೆ ಒಂದೂ ಇಲ್ಲ. ಅಭಿಮಾನಿಗಳ ಮತವೂ ಸೇರಿದ ಪದ್ಧತಿಯೇ ಕೆಟ್ಟದ್ದು ಎಂದು ಬೆಲ್ಜಿಯಂ ಗೊಣಗಿತು. ಗೊಣಗಿದ್ದರಲ್ಲಿ ಹುರುಳಿತ್ತು. ಯಾರು ಶ್ರೇಷ್ಠ ಎಂಬ ತೀರ್ಪು ಅಭಿಮಾನಿಯ ಕೆಲಸವಲ್ಲ. ಪ್ರೀತಿಗೆ ತಕ್ಕಡಿ ಹಿಡಿಯಲು ಬರುವುದಿಲ್ಲ.

ಅಭಿಮಾನಿಯ ಕೆಲಸ ಇನ್ನೊಂದು. ಟಿವಿಯವರು ಗೋಲು ತೋರಿಸುತ್ತಾರೆ. ಗೋಲಿಗೆ ಎರಡು ಪಾಸು ಮುಂಚೆ ಚೆಂಡು ಕಸಿದ ಹಾಫ್ ಬ್ಯಾಕನ್ನು ತೋರಿಸುವುದು ಅವಳ ಗೆಳತಿ. ಹೊಲಿಗೆ ಬಿಟ್ಟ ಪ್ಯಾಡು ಕಟ್ಟಿಕೊಂಡ ಗೋಲ್‌ಕೀಪರಳನ್ನು, ಇಡೀ ಪಂದ್ಯ ಬೆಂಚಿನ ಮೇಲೆ ಕೂತು ನೀರಿನ ಬಾಟಲಿ ಕೊಟ್ಟವಳನ್ನು ತೋರಿಸುವುದೂ ಅವಳೇ. ನಮ್ಮ ಸೀಮೆಯ ಹುಡುಗಿಯರ ತಂಡವೊಂದನ್ನು ಸಾಲಾಗಿ ನಿಲ್ಲಿಸಿ ನೋಡಿ: ಮಗ್ಗದ ಮನೆಯವಳು, ತಾಂಡಾದವಳು, ಕಲ್ಲು ಕ್ವಾರಿಯ ಕೂಲಿಯವರ ಮಗಳು, ತಲೆಗೆ ಸ್ಕಾರ್ಫ್ ಕಟ್ಟಿ ಆಡುವವಳು, ಹಾಸ್ಟೆಲಿನವಳು. ಗೆದ್ದವರ ಹೆಸರು ಸಾಕು ಎನ್ನುವ ಜಗತ್ತಿನಲ್ಲಿ ಇವರಲ್ಲಿ ಎಷ್ಟು ಜನರ ಹೆಸರು ಉಳಿದೀತು? ತನ್ನಂಥವಳೊಬ್ಬಳು ಆಡುವುದನ್ನು ನೋಡಿದ ಮೇಲೇ ಇನ್ನೊಬ್ಬಳು ಸ್ಟಿಕ್ಕು ಕೇಳುವುದು. ಗುಣಮಟ್ಟ ಬರುವುದು ಹಾಗೆ ಕೇಳಿದವರ ರಾಶಿಯಿಂದ, ಹತ್ತು ಜನರನ್ನು ಮೊದಲೇ ಆರಿಸಿ ಬಾಗಿಲು ಹಾಕುವುದರಿಂದಲ್ಲ.

ಇನ್ನು ಚಹಾದಂಗಡಿಯ ಮುಂದಿನ ಪ್ರಶ್ನೆ. ಅಣ್ಣಾರ, ಇಲ್ಲ. ಮೊಬೈಲ್ ಹಿಡಿದರೆ ಗೋಲು ಬೀಳುವುದಿಲ್ಲ. ಬಿದ್ದ ಗೋಲು ಯಾರದು ಎಂಬುದು ಮಾತ್ರ ಉಳಿಯುತ್ತದೆ. ಅದರಿಂದ ಏನು ಲಾಭ ಎಂದು ನೀವು ಕೇಳಬಹುದು. ಬಾಗಿಲಲ್ಲಿ ನಿಂತು "ಅದು ನಾ ಹೊಡದದ್ದು" ಎಂದವಳನ್ನು ಕೇಳಿ. ಮೊಣಕಾಲಿನ ಕಲೆ ತೋರಿಸಿ ನಂಬಿಸಬೇಕಾದ ನನ್ನನ್ನು ಕೇಳಿದರೂ ಆದೀತು.

ನೀವೆಲ್ಲ ಆಟದ ಹಿತ ಬಯಸಿಯೇ ಬೈದಿರಿ ಎಂದು ನಂಬಿದ್ದೇನೆ. ಆದ್ದರಿಂದ ಒಂದು ಸಣ್ಣ ಬೇಡಿಕೆ, ಟರ್ಫಿನಷ್ಟು ದುಬಾರಿಯದಲ್ಲ. ಮುಂದಿನ ತಾಲ್ಲೂಕು ಕ್ರೀಡಾಕೂಟದ ದಿನ, ಪಂದ್ಯಕ್ಕೆ ಹತ್ತು ನಿಮಿಷ ಮೊದಲು, ಹುಡುಗಿಯರ ತಂಡದ ಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದು ಕೊಡಿಸಿ. ಹನ್ನೊಂದು ಜನ, ಜೊತೆಗೆ ಬೆಂಚಿನ ಮೇಲಿನವರೂ. ಅಕ್ಷರ ದುಂಡಗಿರಬೇಕೆಂದಿಲ್ಲ, ಹೆಸರು ಸರಿಯಿದ್ದರೆ ಸಾಕು. ಮೊಬೈಲು ನಾವು ತರುತ್ತೇವೆ.